ಅಪ್ಪ ತೆಂಗಿನಮರದಿಂದ ಬಿದ್ದರೆಂದು ನಾನು ಹೇಳಿದ್ದು

ನಮ್ಮಪ್ಪ ಊಟಕ್ಕೆ ಕೂತಲ್ಲೇ ಬಾಯಿ ಸೊಟ್ಟಗಾಗಿ, ಮೂರು ದಿನ ಮಾತಿಲ್ಲದೆ ಮಲಗಿ ತೀರಿಕೊಂಡರು. ಚಿಕ್ಕಪ್ಪ ಹೋದದ್ದೂ ಹಾಗೆಯೇ. ಇಬ್ಬರಿಗೂ ಐವತ್ತು ತುಂಬಿರಲಿಲ್ಲ. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಆನೇಮಹಲಿನಲ್ಲಿ ಉಪ್ಪು, ಒಣಮೀನಿನ ಅಂಗಡಿ ಇಟ್ಟವರು ನಾವು. ಅಣ್ಣ ಎತ್ತಿನಗಾಡಿ ಹೊಡೆದ, ನಾನು ವ್ಯಾಪಾರ ಕುದುರಿಸಿದೆ. ಮೂಟೆಯ ಬಾಯಿ ಬಿಚ್ಚದೆಯೇ ಒಳಗಿನ ಸರಕು ಹೇಳಬಲ್ಲೆ ಎಂಬ ಹಮ್ಮು ನನಗಿತ್ತು.

ವಯಸ್ಸು ನಲವತ್ತೈದಾಗುವ ಹೊತ್ತಿಗೆ ಅಣ್ಣನಿಗೆ ಬೆಳಿಗ್ಗೆ ಎದ್ದರೆ ತಲೆನೋವು. ಒಂದೆರಡು ಸಲ ಮೂಗಿನಲ್ಲಿ ರಕ್ತವೂ ಬಂತು. ಪಕ್ಕದ ಗೌಡರು ಅಂಗಡಿ ಕಟ್ಟೆಯಲ್ಲಿ ಕೂತು ನಗಾಡುತ್ತಿದ್ದರು: "ನೀವು ಘಟ್ಟದ ಕೆಳಗ್ನೋರು ಮೀನ್ ಜೊತೆಗೆ ಈ ಕಾಯ್ಲೆನೂ ಗಾಡಿಲಿ ಏರಿಸ್ಕೊಂಡ್ ಬಂದ್ಬುಟ್ರಿ ಕಣೋ ಮಾರಾಯ. ನಮ್ ಜನಕ್ಕೆ ಇದೆಲ್ಲ ಗೊತ್ತೇ ಇಲ್ಲ." ಮರುವರ್ಷ ಅವರ ತಾಯಿಯೇ ಹಾಗೆ ಬಿದ್ದರು. ಆ ಅಜ್ಜಿ ಮೀನು ಮುಟ್ಟಿದವರಲ್ಲ, ಘಟ್ಟ ಇಳಿದವರಲ್ಲ.

ಕಾಫಿ ಎಸ್ಟೇಟಿನ ಕೂಲಿ ಲೈನುಗಳಿಗೆ ಜ್ವರ ನೋಡಲು ಬರುತ್ತಿದ್ದ ಡಾಕ್ಟರನ್ನು ಒಂದು ಮಧ್ಯಾಹ್ನ ಅಂಗಡಿಗೇ ಕರೆದೆ. ಗ್ರಹಚಾರಕ್ಕೆ ಅದೇ ದಿನ ನನ್ನ ಮಗಳನ್ನು ತಮ್ಮ ಮಗನಿಗೆ ಕೇಳಲೆಂದು ಕರಾವಳಿಯ ಹಿರಿಯರೊಬ್ಬರು ಬಂದು ಕೂತಿದ್ದರು. ಡಾಕ್ಟರು ಅಣ್ಣನ ಮಣಿಕಟ್ಟು ಹಿಡಿದು ಬಹಳ ಹೊತ್ತು ಬಿಡಲಿಲ್ಲ.

"ಇದೇನ್ರೀ ನಾಡಿ, ಬಿಗ್ದಿರೋ ಹಗ್ಗ ಇದ್ದಂಗೈತೆ. ನಿಮ್ಮಪ್ಪ ಹೆಂಗೆ ತೀರ್ಕೊಂಡ್ರು?"

"ಇದು ನಮ್ಮ ಜಾತಿಯವರಿಗೇ ಬರುವುದೆಂದೇನಿಲ್ಲ ಸ್ವಾಮಿ," ಎಂದು ಮಾತು ತಿರುಗಿಸಿದೆ.

"ಜಾತಿ ಕಟ್ಕೊಂಡು ನಾನೇನ್ ಮಾಡ್ಲಿ, ಮನೆ ಹೇಳ್ರಿ. ಮೂರೂ ಲೈನಲ್ಲಿ ನೋಡಿವ್ನಿ, ಎಲ್ಲಾ ಜಾತೀಲೂ ಐತೆ. ಆದ್ರೆ ಕೆಲವು ಮನೆ ಬಿಟ್ಟು ಹೋಗಲ್ಲ. ಅಪ್ಪಂಗೆ ಲಕ್ವ ಹೊಡೆದಿದ್ರೆ ಇವ್ರು ಇವತ್ತಿಂದ್ಲೇ ಗಾಡಿ ಹೊಡಿಯೋದು ನಿಲ್ಲಿಸ್ಬೇಕು. ಇಲ್ಲಾಂದ್ರೆ ಬರೀ ಪಿತ್ತ ಅಂತ ಭೇದಿ ಔಷಧಿ ಕೊಟ್ಟು ಹೋಗ್ತೀನಿ."

ಹಿರಿಯರು ಕಿವಿಗೊಟ್ಟು ಕೇಳುತ್ತಿದ್ದರು. "ಅಪ್ಪ ತೆಂಗಿನಮರದಿಂದ ಬಿದ್ದದ್ದು," ಎಂದೆ.

ಅಣ್ಣ ನನ್ನ ಮುಖ ನೋಡಿದ. ಅಪ್ಪನ ಬಾಯಿಗೆ ಗಂಜಿ ಹನಿಸಿದವನು ಅವನೇ. "ಹೌದು, ಮರದಿಂದ," ಎಂದ.

ಮೂರನೆಯ ವಾರ ಮಾರನಹಳ್ಳಿಯಲ್ಲಿ, ಘಟ್ಟ ಹತ್ತಿದ ಎತ್ತುಗಳ ನೊಗ ಬಿಚ್ಚುವಾಗ ಅಣ್ಣ ಕುಸಿದ. ಬಲಗೈ ಹೋಯಿತು, ಮಾತು ಹೋಯಿತು. ಎರಡು ಮಳೆಗಾಲ ಬದುಕಿದ್ದ. ಅನ್ನ ಕಲಸಿ ತಿನ್ನಿಸುವಾಗ ಅವನ ಕಣ್ಣು ತಪ್ಪಿಸುತ್ತಿದ್ದೆ. ಆ ಹಿರಿಯರ ಮಗನೊಡನೆಯೇ ಮಗಳ ಮದುವೆ ಸಾಂಗವಾಗಿ ನಡೆಯಿತು. ಅಣ್ಣ ಬಿದ್ದದ್ದು ಬಿಸಿಲಿಗೆ ಎಂದು ಬೀಗರಿಗೆ ಹೇಳಿಯಾಗಿತ್ತು.

ಮಗಳು ಚೊಚ್ಚಲ ಬಸುರಿಯಾದಾಗ ಕಾಲು, ಮುಖ ಊದಿ, ತಲೆನೋವೆಂದು ಮಲಗಿದ್ದಾಳೆಂಬ ಸುದ್ದಿ ಬಂತು. ಅಂಗಡಿ ಬಾಗಿಲು ಹಾಕಿ ಘಟ್ಟ ಇಳಿದೆ. ಬೀಗರನ್ನು ಜಗಲಿಯ ತುದಿಗೆ ಕರೆದು, ಅಪ್ಪ, ಚಿಕ್ಕಪ್ಪ, ಅಣ್ಣ, ಮೂವರದ್ದೂ ಇದ್ದದ್ದು ಇದ್ದಂತೆ ಹೇಳಿದೆ. ಬೈಯಲಿ ಎಂದೇ ನಿಂತಿದ್ದೆ.

ಅವರು ನನ್ನನ್ನು ಕೈಹಿಡಿದು ಜಗಲಿಯ ಮೇಲೆ ಕೂರಿಸಿದರು. "ನಮ್ಮಮ್ಮನೂ ಹಾಗೇ ಹೋದದ್ದು. ನಿಮಗೆ ಜ್ವರ ಅಂತ ಹೇಳಿದ್ದೆ," ಎಂದರು. ನೆಂದ ಮೂಟೆಯನ್ನು ಒಳ್ಳೆಯ ಮೂಟೆಗಳ ಕೆಳಗೆ ಮುಚ್ಚಿಟ್ಟು ಮಾರಿದವನು ನಾನೊಬ್ಬನೇ ಅಲ್ಲ.

ಸಂಬಂಧ ಕುದುರಿಸುವವರಿಗೆ ಹೇಳುತ್ತೇನೆ: ಬಂಗಾರದಲ್ಲಿ, ಸೀರೆಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಮನೆಯವರು ಸತ್ತದ್ದು ಹೇಗೆಂಬುದರಲ್ಲಿ ಮಾತ್ರ ಬೇಡ.

ಆ ಊರಿನ ಡಾಕ್ಟರು ಬಂದಾಗ ನಾನೂ ಬೀಗರೂ ಒಬ್ಬರಾದ ಮೇಲೊಬ್ಬರು ಎಲ್ಲ ಒಪ್ಪಿಸಿದೆವು. ಅವರು ಉಪ್ಪು ನಿಲ್ಲಿಸಿ, ಕತ್ತಲೆ ಕೋಣೆಯಲ್ಲಿ ಅಲುಗದೆ ಮಲಗಿಸಿದರು. ಮಗು ಉಳಿಯಲಿಲ್ಲ, ಮಗಳು ಉಳಿದಳು. ಎದ್ದು ಕೂರುವಷ್ಟಾದ ದಿನ ಅವಳು ಕೇಳಿದ ಮೊದಲ ಮಾತು: "ಅಜ್ಜ ಮರದಿಂದ ಬಿದ್ದದ್ದಲ್ವಾ ಅಪ್ಪಾ?"

"ಅಲ್ಲ ಮಗಾ," ಎಂದು ಅವಳ ಹತ್ತಿರ ಕೂತು, ಮೊದಲಿನಿಂದ ಹೇಳತೊಡಗಿದೆ.