ದೊರೆಸಾನಿಯ ಹಾಸಿಗೆ

ಊರವರ ಹಳೆಯ ಹಾಸಿಗೆಗಳ ಹೊಟ್ಟೆ ಬಗೆದು, ಗಂಟುಗಟ್ಟಿದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟು ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವನ ಕೆಲಸ. ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಗಿನಿಂದ ನಿಂತರೆ ಸಂಜೆಯ ಹೊತ್ತಿಗೆ ಹತ್ತಿಯ ಧೂಳಿಗೆ ಹುಬ್ಬು, ಮೀಸೆ ಎರಡೂ ನರೆತು ಅಕಾಲದ ಮುದುಕನಾಗಿರುತ್ತಿದ್ದ. ಊರಿಗೆಲ್ಲ ಮೆತ್ತನೆಯ ನಿದ್ದೆ ಕೊಡುವ ಈ ಮಹಾನುಭಾವ ಮಲಗುತ್ತಿದ್ದದ್ದು ಮಾತ್ರ ಚಾಪೆಯ ಮೇಲೆ. ಅವನು ಹೊಲಿದ ಹಾಸಿಗೆಯ ಸುಖ ಮನೆಯಲ್ಲಿ ಸಿಕ್ಕಿದ್ದು ಒಬ್ಬಳಿಗೇ: ಅವನ ಬಿಳಿ ಬೆಕ್ಕು ದೊರೆಸಾನಿಗೆ.

ಆ ದೊರೆಸಾನಿಗೆ ತುರಿಕೆ. ಹಿಂಗಾಲೆತ್ತಿ ಕೆರೆದೂ ಕೆರೆದೂ ಕಿವಿಯ ಹಿಂದೆ ಕೂದಲುದುರಿ ರಕ್ತ ಜಿನುಗುತ್ತಿತ್ತು. ಇಂಜೆಕ್ಷನ್ ಹಾಕಿಸಿದರೆ ಇಳಿಯುವುದು, ಕೆಲವೇ ದಿನಕ್ಕೆ ಮತ್ತೆ ಶುರು. ಮನೆಯಲ್ಲೇ ಗಿರಾಕಿಗಳ ಬಟ್ಟೆ ಹೊಲಿಯುತ್ತಿದ್ದ ಅಕ್ಕನ ತಾಳ್ಮೆ ಮುಗಿದಿತ್ತು.

"ಗಿರಾಕಿ ಬಟ್ಟೆ ಮೇಲೆ ರಕ್ತದ ಕಲೆ ಆಗಿದೆ ಕಣೋ. ಈ ತಿಂಗಳೊಳಗೆ ವಾಸಿಯಾಗ್ಲಿಲ್ಲ ಅಂದ್ರೆ ಇವಳು ಚಿಕ್ಕಪ್ಪನ ಗೋದಾಮಿಗೆ."

"ಅಲ್ಲಿ ನಾಯಿಗಳಿವೆ ಅಕ್ಕ."

"ಇಲ್ಲಿ ನಾನಿದೀನಿ."

ಅಂದಿನಿಂದ ಅವನು ಪತ್ತೇದಾರನಾದ. ಮೀನು ನಿಲ್ಲಿಸಿದ, ಹಾಲು ನಿಲ್ಲಿಸಿದ. ಪ್ಲಾಸ್ಟಿಕ್ ಬಟ್ಟಲು ಹೋಗಿ ಸ್ಟೀಲ್ ಬಟ್ಟಲು ಬಂತು. ನೆಲ ಒರೆಸುವ ಫಿನಾಯಿಲ್ ಬಂದ್. ಕೊನೆಗೆ ಅಕ್ಕನ ಪೌಡರ್ ಡಬ್ಬಿಯನ್ನೂ ಕಪಾಟಿನಲ್ಲಿಟ್ಟು ಬೀಗ ಜಡಿದ.

"ನನ್ನ ಮುಖಕ್ಕೆ ಪೌಡರ್ ಹಾಕಿದ್ರೆ ನಿನ್ನ ಬೆಕ್ಕಿಗ್ಯಾಕೋ ತುರಿಕೆ?"

"ಗಾಳೀಲಿ ಬರುತ್ತೆ."

"ಗಾಳಿ ಇರೋದು ನಿನ್ನ ತಲೇಲಿ."

ಏನು ಮಾಡಿದರೂ ಕೆರೆತ ನಿಲ್ಲಲಿಲ್ಲ. ಅವನಿಗೆ ತಲೆ ಕೆಟ್ಟು ಕೆರ ಹಿಡಿಯಿತು. ತುರಿಕೆ ಹೆಚ್ಚಾದಾಗಲೆಲ್ಲ ಅಯ್ಯೋ ಪಾಪ ಎಂದು ಅವಳ ಹಾಸಿಗೆ ಬಿಚ್ಚಿ, ಅಂಗಡಿಯಿಂದ ತಂದ ಇನ್ನೊಂದು ಹಿಡಿ ಹತ್ತಿ ತುಂಬುತ್ತಿದ್ದ. ಮರುದಿನ ಅವಳು ಇನ್ನಷ್ಟು ಕೆರೆಯುತ್ತಿದ್ದಳು. ಅವನು ಮತ್ತೆ ಅಕ್ಕನ ಸೋಪು, ಎಣ್ಣೆಗಳನ್ನು ಮೂಸಿ ನೋಡುತ್ತಿದ್ದ.

ತಿಂಗಳ ಕೊನೆಗೆ ಮತ್ತೆ ಪಶುವೈದ್ಯರ ಹತ್ತಿರ ಹೊರಟ. ತನ್ನ ಹಾಸಿಗೆಯಿಲ್ಲದೆ ಬುಟ್ಟಿಗೇ ಇಳಿಯುವುದಿಲ್ಲವೆಂದು ದೊರೆಸಾನಿ ಹಟ ಹಿಡಿದಳು. ಹಾಸಿಗೆ ಸಮೇತ ಒಯ್ದ. ಡಾಕ್ಟರು ಬೆಕ್ಕನ್ನೆತ್ತಿಕೊಂಡು ಹಾಸಿಗೆಯನ್ನು ಮೇಜಿನ ಮೇಲೆ ಎಸೆದರು. ಕಿಟಕಿಯ ಬಿಸಿಲಿನಲ್ಲಿ ಧೂಳು ಎದ್ದು ನಿಂತಿತು. ಡಾಕ್ಟರು ಸೀನಿದರು. ಬೆಕ್ಕೂ ಸೀನಿತು.

"ಒಳಗೆ ಏನು ತುಂಬಿದೀಯಪ್ಪ?"

"ಶುದ್ಧ ಹತ್ತಿ ಸಾರ್. ನಾನೇ ಹೊಲಿದಿದ್ದು."

"ಹೊಸದಾ?"

ಅವನು ಚಪ್ಪಲಿ ನೋಡಿಕೊಂಡ. ಊರವರು ವರ್ಷಗಟ್ಟಲೆ ಹೊರಳಾಡಿದ ಹಾಸಿಗೆಗಳಲ್ಲಿ ಮಿಕ್ಕ ಹತ್ತಿ ಅದು.

"ಹಳೆ ಹಾಸಿಗೆ ಧೂಳಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವೆ. ಇವಳಿಗೆ ಅದೇ ಆಗ್ತಿಲ್ಲ ಅನ್ಸುತ್ತೆ. ಇದನ್ನ ಮೊದಲು ಎಸಿ. ರಾತ್ರಿಯೆಲ್ಲ ಇದರ ಮೇಲೇನಾ?"

"ಇಲ್ಲ ಸಾರ್, ಸಂಜೆ ನಾನು ಕೆಲಸದಿಂದ ಬಂದ್ರೆ ನನ್ನ ಎದೆ ಮೇಲೆ."

ಡಾಕ್ಟರು ಅವನ ಕಾಲರಿನಿಂದ ಹತ್ತಿಯ ಎಳೆಯೊಂದನ್ನು ತೆಗೆದು ಅವನ ಕಣ್ಣ ಮುಂದೆ ಹಿಡಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಾಯಿತು.

ಹಾಸಿಗೆ ಕಸದ ಗಾಡಿ ಸೇರಿತು. ಅವನು ಅಂಗಡಿಯ ನಲ್ಲಿಯಲ್ಲೇ ಮಿಂದು, ಬೇರೆ ಅಂಗಿ ತೊಟ್ಟು ಮನೆಗೆ ಬರತೊಡಗಿದ. ಎಂದಿನಂತೆ ಓಡಿಬಂದ ದೊರೆಸಾನಿ ಅವನ ಮೊಣಕಾಲು ಮೂಸಿ, ವಿಳಾಸ ತಪ್ಪಿ ಬಂದವನನ್ನು ನೋಡುವಂತೆ ನೋಡಿ, ಬಾಲ ತಿರುಗಿಸಿದಳು. ಕೆರೆತ ನಿಂತಿತು, ಕೂದಲು ಚಿಗುರಿತು. ಆದರೆ ಅವಳೀಗ ಮಲಗುವುದು ಅಕ್ಕನ ಹೊಲಿಗೆ ಯಂತ್ರದ ಕೆಳಗೆ, ಒಗೆದ ತುಂಡು ಬಟ್ಟೆಗಳ ಮೇಲೆ. ಅವನು ಚಾಪೆಯ ಮೇಲೆ ಕೂತು ಎದೆ ತಟ್ಟಿ ತಟ್ಟಿ ಕರೆದ. ಅವಳ ಒಂದು ಕಿವಿಯೂ ಅಲುಗಲಿಲ್ಲ.

"ಕರೀಬೇಡ್ವೋ, ಮಲಗಿದಾಳೆ," ಅಂದಳು ಅಕ್ಕ.

"ಹಾಗಾದ್ರೆ ಗೋದಾಮು?"

"ಇವಳು ಎಲ್ಲಿಗೂ ಹೋಗಲ್ಲ. ನೀನು ಸ್ವಲ್ಪ ಆ ಕಡೆ ಸರಿ, ಅಂಗಿ ಮೇಲೆ ಏನೋ ಬೆಳ್ಳಗಿದೆ."

ಅವನು ಬೆರಳಲ್ಲಿ ಎತ್ತಿ ನೋಡಿದ. ಹತ್ತಿಯಲ್ಲ, ದೊರೆಸಾನಿಯದೇ ಕೂದಲು. ಆದರೂ ಚಾಪೆ ಎಳೆದುಕೊಂಡು ಸರಿದು ಕೂತ.