ಶೇವಂತಾಬಾಯಿ ಉಳಿಸಿಕೊಂಡ ಶಿಕ್ಷಕಿ

ಶೇವಂತಾಬಾಯಿಯ ಸ್ವಂತ ಓದು ನಿಂತದ್ದು ಏಳನೆಯ ತರಗತಿಯಲ್ಲಿ. ಮರಾಠಿ ಸೀಮೆಯ ಸಾಸ್ತೂರ ಅವಳ ತವರು. ಅವಳು ಶಾಲೆಗೆ ಹೋಗುತ್ತಿದ್ದಾಗಲೇ ಭೂಕಂಪದಲ್ಲಿ ಊರೇ ನೆಲಸಮವಾಯಿತು. ಅವಳಿಗೆ ಗಣಿತ ಕಲಿಸುತ್ತಿದ್ದ ಮಾಸ್ತರರು ತಮ್ಮ ಮನೆಯ ಮಾಳಿಗೆಯ ಕೆಳಗೇ ಉಳಿದುಹೋದರು. ಆಮೇಲೆ ತಗಡಿನ ಶೆಡ್ಡಿನಲ್ಲಿ ಶಾಲೆ ಶುರುವಾಯಿತು. ಹೊರಗಿನಿಂದ ಮಾಸ್ತರರು ಬರುತ್ತಿದ್ದರು, ಸ್ವಲ್ಪ ದಿನ ಇದ್ದು ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಬಂದವರೆಲ್ಲ ಪುಸ್ತಕದ ಮೊದಲ ಪಾಠವನ್ನೇ ತೆರೆಯುತ್ತಿದ್ದರು. ಕಡೆಯ ಪಾಠದಲ್ಲಿ ಏನಿತ್ತು ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ಕಲಿಸುವವರೇ ಇಲ್ಲದ ಶಾಲೆಗೆ ಹುಡುಗಿಯನ್ನು ಯಾಕೆ ಕಳಿಸಬೇಕು ಎಂದು ಅವಳ ತಂದೆ, ಗುಂಜೋಟಿಯ ಆಚೆಗಿನ ಒಂದು ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕಲ್ಯಾಣಪ್ಪನಿಗೆ ಕೊಟ್ಟು ಲಗ್ನ ಮಾಡಿದ.

ಅದೂ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಊರೇ. ಒಂದೇ ಅಳತೆಯ ಮನೆಗಳು, ಅಗಲವಾದ ರಸ್ತೆಗಳು, ಊರ ತುದಿಯಲ್ಲಿ ಹೊರಗಿನ ಒಂದು ಸಂಸ್ಥೆ ನಡೆಸುವ ಶಾಲೆ. ಕಟ್ಟಡವೇನೋ ಗಟ್ಟಿಯಾಗಿತ್ತು. ಒಳಗೆ ಕಲಿಸುವವರು ನಿಲ್ಲುತ್ತಿರಲಿಲ್ಲ. ಸಂಸ್ಥೆಯವರು ವರ್ಷದ ಮಟ್ಟಿಗೆ ಕರಾರು ಮಾಡಿ ಅವರನ್ನು ಕಳಿಸುತ್ತಿದ್ದರು. ಬಂದವರು ಬಂದ ದಿನದಿಂದಲೇ ಬೇರೆ ಕೆಲಸ ಹುಡುಕುತ್ತಿದ್ದರು. ಒಬ್ಬರಿಗೆ ಸರಕಾರಿ ನೌಕರಿ ಸಿಕ್ಕಿತು. ಒಬ್ಬರು ಲಾತೂರಿನಲ್ಲಿ ಟ್ಯೂಷನ್ ಹೇಳಲು ಹೋದರು. ಇನ್ನೊಬ್ಬರು ದೀಪಾವಳಿ ರಜೆಗೆಂದು ಹೋದವರು ತಿರುಗಿ ಬರಲಿಲ್ಲ, ಅವರ ಛತ್ರಿ ಮಾತ್ರ ತರಗತಿಯ ಕಿಟಕಿಗೆ ನೇತಾಡುತ್ತಲೇ ಇತ್ತು.

ಶೇವಂತಾಬಾಯಿಯ ಮಗಳು ವೈಷ್ಣವಿ ಎರಡನೆಯ ತರಗತಿಯಲ್ಲಿದ್ದಾಗ ‘ನನ್ನ ಊರು’ ಎಂಬ ನಿಬಂಧವನ್ನು ಒಂದೇ ವರ್ಷದಲ್ಲಿ ಮೂವರು ಟೀಚರಿಗೆ ಬರೆದುಕೊಟ್ಟಳು. ಮೂರನೆಯ ಸಲ ಅದು ಎರಡೇ ಸಾಲಿಗೆ ಇಳಿದಿತ್ತು. ಹೊಸ ಟೀಚರ ಹೆಸರೇನು ಎಂದು ತಾಯಿ ಕೇಳಿದರೆ, “ಯಾರಿಗ್ಗೊತ್ತ, ಮ್ಯಾಡಂ ಅಂತೀವಿ” ಎಂದಳು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿಸುವುದು ಮರಾಠಿ. ಹುಡುಗಿಗೆ ಪ್ರಶ್ನೆ ತಿಳಿಯುತ್ತಿರಲಿಲ್ಲ. ಕೇಳಿದವರು ಇವಳು ದಡ್ಡಿ ಎಂದು ತಿಳಿಯುತ್ತಿದ್ದರು. ಹಾಗಲ್ಲ ಎಂದು ಅವರಿಗೆ ಅರ್ಥವಾಗುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು.

ಪಾಲಕರ ಸಭೆಯಲ್ಲಿ ಪಕ್ಕದ ಮನೆಯ ಕಾಂತಾಬಾಯಿ ಎದ್ದು ನಿಂತು ಹೆಡ್‌ಮಾಸ್ತರ ಅಂಬಾದಾಸ ಸರ್ ಅವರನ್ನು ಕೇಳಿಯೇಬಿಟ್ಟಳು. “ಸರ, ಹೊಸಾ ಎತ್ತಿಗಿ ಹೊಲಾ ತಿಳಿಯಾದ್ಕೂ ಒಂದು ಹಂಗಾಮ ಬೇಕು. ನೀವು ಬಿತ್ತಾಗೊಂದು ಎಡಿ ಹೊಡಿಯಾಗೊಂದು ಎತ್ತು ಬದಲ್ ಮಾಡ್ಲತೀರಿ. ಪೀಕ ಹ್ಯಾಂಗ ಬರಬೇಕ್ರಿ?”

ಅಂಬಾದಾಸ ಸರ್ ಮೇಜಿನ ಮೇಲಿನ ಧೂಳನ್ನು ಬೆರಳಿಂದ ಒರೆಸುತ್ತ ಕೂತಿದ್ದರು. “ಕಳಸೋರು ಸಂಸ್ಥಾದವರು, ಹೋಗೋರು ಮಾಸ್ತರರು. ನಡುವ ನಾ ಏನ್ ಮಾಡ್ಲಿರಿ? ಮುಂದಿನ ವರ್ಷ ನಾನೇ ಇಲ್ಲಿ ಇರ್ತೀನೋ ಇಲ್ಲೋ,” ಎಂದರು. ಸಭೆ ಅಲ್ಲಿಗೇ ಮುಗಿಯಿತು.

ಮರುವರ್ಷ ಉದಗೀರದಿಂದ ಮೀನಲ ಎಂಬ ಶಿಕ್ಷಕಿ ಬಂದಳು. ಸಣ್ಣ ವಯಸ್ಸಿನವಳು, ಮೆಲುದನಿ. ಕಲ್ಯಾಣಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲೇ ಬಿಡಾರ ಮಾಡಿದಳು. ಮೊದಲ ದಿನ ಶೇವಂತಾಬಾಯಿ ತನಗೆ ಬರುವ ಶಾಲೆಯ ಮರಾಠಿಯಲ್ಲಿ, ಚಹಾ ತೆಗೆದುಕೊಳ್ಳಿ ಎಂದಾಗ ಅವಳು ಅತ್ತಿಗೆಯನ್ನು ಕರೆದಂತೆ, “ಸಕ್ಕರಿ ಕಮ್ಮಿ ಹಾಕ್ರಿ ವಹಿನಿ,” ಎಂದಳು. ಅವಳ ಮನೆಮಾತೂ ಕನ್ನಡವೇ ಆಗಿತ್ತು. ಶೇವಂತಾಬಾಯಿ ಚಹಾದ ಬಟ್ಟಲು ಹಿಡಿದುಕೊಂಡು ಹಾಗೇ ನಿಂತಳು.

ಮೀನಲ ತರಗತಿಯಲ್ಲಿ ಮೊದಲು ಕನ್ನಡದಲ್ಲಿ ಕೇಳುತ್ತಿದ್ದಳು, ಅದನ್ನೇ ಮರಾಠಿಯಲ್ಲಿ ಹೇಳಿಸುತ್ತಿದ್ದಳು. ಶ್ರಾವಣ ಮುಗಿಯುವಷ್ಟರಲ್ಲಿ ವೈಷ್ಣವಿ ಅಂಗಡಿಯಲ್ಲಿ ಪುಡಿಕೆ ಕಟ್ಟುವ ರದ್ದಿ ಕಾಗದವನ್ನೆಲ್ಲ ಓದತೊಡಗಿದಳು. ಸಕ್ಕರೆ ಕಟ್ಟಿಸಿಕೊಳ್ಳಲು ಬಂದ ಗಿರಾಕಿಗಳು ಅವಳು ಸುದ್ದಿ ಓದಿ ಮುಗಿಸುವವರೆಗೆ ಕಾಯಬೇಕಾಗುತ್ತಿತ್ತು. ಕಲ್ಯಾಣಪ್ಪ ಬೈಯುತ್ತಿರಲಿಲ್ಲ.

ಕಾರ್ತಿಕದಲ್ಲಿ ಒಂದು ಸಂಜೆ ಮೀನಲ ಒಗೆದ ಬಟ್ಟೆ ಮಡಚುತ್ತ, ಅಪ್ಪ ತನಗೆ ವರ ನೋಡುತ್ತಿದ್ದಾರೆ, ಪುಣೆ ಕಡೆಯದೊಂದು ಬಂದಿದೆ, ಬೇಸಿಗೆಯಲ್ಲಿ ಆಗಬಹುದು ಎಂದಳು. ಮರುದಿನ ಗಂಡ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಶೇವಂತಾಬಾಯಿ ಹಿಂದೆ ಬಂದು ನಿಂತಳು.

“ಈ ಊರಾಗೇ ಆಕಿಗಿ ಒಂದು ಮನಿ ನೋಡಿದ್ರ ಹ್ಯಾಂಗ? ಗಂಡನ ಮನಿ ಇಲ್ಲೇ ಇದ್ರ ಸಾಲಿ ಬಿಟ್ಟು ಎಲ್ಲಿ ಹೋಗ್ತಾಳ?”

ಕಲ್ಯಾಣಪ್ಪ ಕೀಲಿ ಕೈಯಲ್ಲೇ ಹಿಡಿದು, “ನಮ್ಮ ಪೋರಿ ಓದಲಿ ಅಂತ ಮಂದಿ ಪೋರಿದು ಲಗ್ನ ಮಾಡ್ಸತಿ ಏನು?” ಎಂದ.

“ಎಲ್ಲೋ ಒಂದು ಕಡಿ ಆಗೋದೇ ಅದ ಅಲ್ಲ. ಇಲ್ಲಾದ್ರ ತಪ್ಪೇನು?”

ಅವನು ಕೀಲಿ ತಿರುಗಿಸಿ ಬಾಗಿಲು ತೆರೆದು ಒಳಗೆ ಹೋದ. ಶೇವಂತಾಬಾಯಿ ಅದನ್ನೇ ಒಪ್ಪಿಗೆ ಎಂದು ತಿಳಿದಳು.

ಊರಲ್ಲಿ ಮನ್ಮಥಪ್ಪನದು ತಲೆತಲಾಂತರದ ಒಕ್ಕಲು ಮನೆತನ. ಕರಿಮಣ್ಣಿನ ಹೊಲ, ಬಾವಿ, ಟ್ರ್ಯಾಕ್ಟರ್. ಮಗ ನೀಲೇಶ ಉಮರ್ಗಾದಲ್ಲಿ ಕಾಲೇಜು ಮುಗಿಸಿ ಹೊಲ ನೋಡಿಕೊಳ್ಳುತ್ತಿದ್ದ. ಚಟವಿಲ್ಲ, ಎದುರು ಮಾತಿಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೋಗುವುದು ಆ ಸೀಮೆಯ ಪದ್ಧತಿ. ಶೇವಂತಾಬಾಯಿ ಮೀನಲಳನ್ನು ಕರೆದುಕೊಂಡು ಮನ್ಮಥಪ್ಪನ ಹೊಲಕ್ಕೇ ಹೋದಳು. ಜೋಳದ ಒಣದಂಟಿನ ಗೂಡಿನಲ್ಲಿ ಪೂಜೆಯಾಯಿತು. ಕಾಳು ಕಾಯಿಪಲ್ಲೆ ಕೂಡಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯ ಅಂಬಲಿ. ನೀಲೇಶ ಎಲ್ಲರಿಗೂ ಅಂಬಲಿ ಬಡಿಸುತ್ತ ಬಂದು ಮೀನಲಳ ಮುಂದೆ ಅರ್ಧ ಚೆಲ್ಲಿದ. ಹೆಂಗಸರು ನಕ್ಕರು. ಮೀನಲಳೂ ನಕ್ಕಳು. ಅವನ ತಾಯಿ ಸರಸ್ವತಿಬಾಯಿ ಮಾತ್ರ ನಗದೆ, ಹುಡುಗಿ ತಟ್ಟೆ ತೊಳೆಯುವ ರೀತಿಯನ್ನು ನೋಡುತ್ತಿದ್ದಳು.

ಶಿವರಾತ್ರಿಯ ಹೊತ್ತಿಗೆ ಮಾತು ಉದಗೀರಕ್ಕೆ ಮುಟ್ಟಿತು. ಮೀನಲಳ ತಂದೆ ಬಂದು ಮನೆ ನೋಡಿ ಒಪ್ಪಿದರು. ಮಾತುಕತೆಯ ದಿನ ಶೇವಂತಾಬಾಯಿ ನಡುಮನೆಯ ಬಾಗಿಲಲ್ಲಿ ನಿಂತು ಎಲ್ಲರೆದುರು ಕೇಳಿದಳು. “ಅಣ್ಣಾರ, ಪೋರಿ ಸಾಲಿಗಿ ಹೋಗೋದು ನಿಲ್ಲಬಾರದು.” ಮನ್ಮಥಪ್ಪ ಕೊರಳಿನ ಲಿಂಗದ ಮೇಲೆ ಕೈಯಿಟ್ಟು, “ನಿಲ್ಲಾಂಗಿಲ್ಲ, ಊರ ಪೋರಗೋಳು ನಮ್ಮ ಪೋರಗೋಳೇ,” ಎಂದ. ಅಷ್ಟಾದರೂ ಮೀನಲ ತನ್ನ ಕೋಣೆಗೆ ಮರಳಿದ ಮೇಲೆ ಶೇವಂತಾಬಾಯಿಯನ್ನು ಕೇಳಿದಳು.

“ಖರೇನೇ ಸಾಲಿಗಿ ಬಿಡ್ತಾರೇನ್ರಿ ವಹಿನಿ?”

“ನಾ ಇಲ್ಲೇ ಅದೀನಲ್ಲ,” ಎಂದಳು ಶೇವಂತಾಬಾಯಿ.

ಬೇಸಿಗೆಯಲ್ಲಿ ಲಗ್ನವಾಯಿತು. ಅಕ್ಷತೆ ಹಾಕುವಾಗ ಶಾಲೆಯ ಮಕ್ಕಳ ತಾಯಂದಿರೆಲ್ಲ ತಮ್ಮ ಮನೆಯ ಮದುವೆಯೆಂಬಂತೆ ಓಡಾಡಿದರು. ಇನ್ನು ನಮ್ಮ ಶಾಲೆಯ ಚಿಂತೆ ಹರಿಯಿತು ಎಂದು ಕಾಂತಾಬಾಯಿ ಊಟದ ಪಂಕ್ತಿಯಲ್ಲೇ ಹೇಳಿದಳು.

ಜೂನಿನಲ್ಲಿ ಶಾಲೆ ತೆರೆದಾಗ ಮೀನಲ ಒಂದು ವಾರ ಬಂದಳು. ಆಮೇಲೆ ಬಿತ್ತನೆ, ಆಳುಗಳಿಗೆ ರೊಟ್ಟಿ ಮಾಡುವವರಿಲ್ಲ ಎಂದು ಬಿಡಿಸಿದರು. ಬಿತ್ತನೆ ಮುಗಿದ ಮೇಲೆ ಅತ್ತೆಗೆ ಮೊಣಕಾಲು ನೋವು. ಆಮೇಲೆ, ಅವಳಿಗೆ ದಿನ ಹೋಗಿವೆ, ಬಸುರಿ ಅಷ್ಟು ದೂರ ನಡೆಯಬಾರದು ಎಂದರು. ಶಾಲೆ ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಸಂಸ್ಥೆಯವರು ಅವಳ ಜಾಗಕ್ಕೆ ಬೀಡ ಜಿಲ್ಲೆಯ ಒಬ್ಬ ತರುಣನನ್ನು ಕಳಿಸಿದರು. ಅವನಿಗೆ ಕನ್ನಡದ ಗಂಧವಿರಲಿಲ್ಲ. ಅವನೂ ಪುಸ್ತಕದ ಮೊದಲ ಪಾಠ ತೆರೆದ.

ಶೇವಂತಾಬಾಯಿ ಮನ್ಮಥಪ್ಪನ ಮನೆಗೆ ಹೋದಳು. ಮನ್ಮಥಪ್ಪ ಅವಳನ್ನು ಕಂಡವನೇ ದನಕ್ಕೆ ಮೇವು ಹಾಕಬೇಕೆಂದು ಹಿತ್ತಲಿಗೆ ಎದ್ದುಹೋದ. ನೀಲೇಶ ಬಗ್ಗಿಸಿದ ತಲೆ ಎತ್ತಲಿಲ್ಲ. ಮಾತಾಡಿದವಳು ಸರಸ್ವತಿಬಾಯಿ.

“ಸಾಲಿಗಿ ಮಂದಿ ಬರ್ತಾರ, ಹೋಗ್ತಾರ. ನೀವೇ ಅಂತಿದ್ರಲ್ಲ. ನಮ್ಮ ಮನಿಗಿ ಸೊಸಿ ಒಬ್ಬಾಕಿ.”

“ಮಾತು ಕೊಟ್ಟಿದ್ರಿ ಕಾಕು,” ಎಂದಳು ಶೇವಂತಾಬಾಯಿ, ಚಿಕ್ಕಮ್ಮನಿಗೆ ಹೇಳುವಂತೆ.

“ಕೊಟ್ಟೋರು ಗಣಸರು. ರೊಟ್ಟಿ ಬಡಿಯೋರು ನಾವು.”

ಮೀನಲ ತಲೆಯ ಮೇಲೆ ಸೆರಗು ಹೊದ್ದು ಚಹಾ ತಂದಿಟ್ಟಳು. ಶೇವಂತಾಬಾಯಿ ಅವಳ ಮುಖ ನೋಡಲು ಯತ್ನಿಸಿದಳು. ಅವಳು ಬಟ್ಟಲನ್ನಷ್ಟೇ ನೋಡಿ ಒಳಗೆ ಹೋದಳು.

ಇಬ್ಬರೇ ಸಿಕ್ಕದ್ದು ಹಿಟ್ಟಿನ ಗಿರಣಿಯಲ್ಲಿ, ಮಧ್ಯಾಹ್ನ, ಕರೆಂಟು ಹೋಗಿ ಎಲ್ಲರೂ ಕಾಯುತ್ತಿದ್ದಾಗ. ಮೀನಲಳ ಕೈಗೆ ಬೂದಿ ಹತ್ತಿತ್ತು, ಹುಬ್ಬಿಗೆ ಜೋಳದ ಹಿಟ್ಟು. ಶೇವಂತಾಬಾಯಿ ಮತ್ತೊಮ್ಮೆ ಹಿರಿಯರನ್ನು ಕೂಡಿಸುತ್ತೇನೆ, ನಿನ್ನ ತಂದೆಗೆ ಹೇಳಿ ಕಳಿಸುತ್ತೇನೆ ಎಂದಳು.

“ಬ್ಯಾಡ್ರಿ. ಇಲ್ಲಿ ಇರಬೇಕಾದಾಕಿ ನಾನು,” ಎಂದಳು ಮೀನಲ. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು. “ಪುಣೆದು ಬಂದಿತ್ತಲ್ಲ ವಹಿನಿ, ಅಲ್ಲಿ ನೌಕರಿ ಮಾಡಸ್ತೀವಿ ಅಂದಿದ್ರು. ನಾ ನಿಮಗ ಹೇಳಿದ್ದಿಲ್ಲೇನು?”

ಹೇಳಿದ್ದಳು. ಬಟ್ಟೆ ಮಡಚುತ್ತ ಹೇಳಿದ್ದಳು. ಶೇವಂತಾಬಾಯಿ ಕೇಳಿಸಿಕೊಂಡಿದ್ದಳು ಕೂಡ, ಗಂಡನೆದುರು ಮಾತ್ರ ಅದನ್ನು ಎತ್ತಿರಲಿಲ್ಲ. ಕರೆಂಟು ಬಂತು, ಗಿರಣಿ ತಿರುಗತೊಡಗಿತು, ಶೇವಂತಾಬಾಯಿ ತನ್ನ ಜೋಳದ ಡಬ್ಬಿ ಎತ್ತಿಕೊಂಡು ಸರದಿಗೆ ನಿಂತಳು.

ವೈಷ್ಣವಿಗೆ ಇದೊಂದೂ ಅರ್ಥವಾಗಲಿಲ್ಲ. ಹಿಂದೆಲ್ಲ ಟೀಚರು ಹೋದರೆ ಕಣ್ಣಿಂದ ಮರೆಯಾಗುತ್ತಿದ್ದರು. ಈ ಟೀಚರು ದಿನಾ ಹುಲ್ಲಿನ ಹೊರೆ ಹೊತ್ತು ಅಂಗಡಿಯ ಮುಂದೆ ಹಾಯುತ್ತಿದ್ದಳು. ಒಮ್ಮೆ ಹುಡುಗಿ “ಮ್ಯಾಡಂ” ಎಂದು ಕೂಗಿ ಓಡಿದಳು. ಹಿಂದೆಯೇ ಬರುತ್ತಿದ್ದ ಸರಸ್ವತಿಬಾಯಿ, “ಯಾವ ಮ್ಯಾಡಂ? ಕಾಕಿ ಅನ್ನಬೇಕು,” ಎಂದಳು. ಮೀನಲ ಹೊರೆ ಸರಿಪಡಿಸಿಕೊಂಡು ಮುಂದೆ ನಡೆದಳು. ಅಂದಿನಿಂದ ಹುಡುಗಿ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಮೀನಲ ಬರುವುದು ಕಂಡರೆ ಅಕ್ಕಿಯ ಚೀಲಗಳ ಹಿಂದೆ ಸರಿಯುತ್ತಿದ್ದಳು. ರದ್ದಿ ಕಾಗದ ಓದುವುದನ್ನೂ ಬಿಟ್ಟಳು.

ಬೀಡದ ತರುಣ ದಸರೆಗೆ ಮುಂಚೆಯೇ ಹೋದ. ಕೈಲಾದವರು ಮಕ್ಕಳನ್ನು ಶೇರ್ ಆಟೋದಲ್ಲಿ ಉಮರ್ಗಾಕ್ಕೆ ಕಳಿಸತೊಡಗಿದರು. ಕಳಿಸಲಾರದವರ ಮಕ್ಕಳಲ್ಲಿ ಮೂರನೆಯ ತರಗತಿಯವರನ್ನೂ ನಾಲ್ಕನೆಯವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದರು.

ಚಳಿಗಾಲದಲ್ಲಿ ನಿಲಂಗಾ ಕಡೆಯಿಂದ ಶುಭಾಂಗಿ ಎಂಬ ಹೊಸ ಶಿಕ್ಷಕಿ ಬಂದಳು. ಮೀನಲಳ ವಯಸ್ಸೇ, ಇವಳಿಗೂ ಕನ್ನಡ ಬರುತ್ತಿತ್ತು. ಕೋಣೆ ಕೇಳಿಕೊಂಡು ಶೇವಂತಾಬಾಯಿಯ ಬಾಗಿಲಿಗೇ ಬಂದಳು. ಅಂದು ಸಂಜೆ ಕಾಂತಾಬಾಯಿ ಕಟ್ಟೆಗೆ ಬಂದು ಕೂತು, ಮುಖ ಅರಳಿಸಿ, “ಈಕಿಗೂ ಒಂದು ಮನಿ ನೋಡು ಶೇವಂತಾ. ಈ ಸಲ ಅತ್ತಿ ಇಲ್ಲದ ಮನಿ ನೋಡಣ,” ಎಂದಳು. ನಗೆಯಾಡಿದಳೋ ನಿಜವಾಗಿ ಹೇಳಿದಳೋ ತಿಳಿಯುವಂತಿರಲಿಲ್ಲ.

ಶೇವಂತಾಬಾಯಿ ಒಳಗೆ ಹೋಗಿ ಶುಭಾಂಗಿಗೆ ಊಟಕ್ಕಿಟ್ಟಳು. ಅವಳು ಉಣ್ಣುವುದನ್ನು ನೋಡುತ್ತ ಕೂತಳು. ವೈಷ್ಣವಿ ಕಂಬದ ಹಿಂದೆ ನಿಂತು ಹೊಸಬಳನ್ನು ದಿಟ್ಟಿಸುತ್ತಿದ್ದಳು. ಬಹಳ ದಿನಗಳ ಮೇಲೆ ಮಗಳ ಕಣ್ಣಲ್ಲಿ ಏನೋ ಒಂದು ಆಸೆ ಕಂಡಿತು. ಅದನ್ನು ಕಂಡೂ ಶೇವಂತಾಬಾಯಿ ಹೇಳಿದಳು.

“ಇಲ್ಲಿ ಯಾರೇ ಮನಿ ತೋರಸ್ತೀವಿ ಅಂದ್ರೂ ಹ್ಞೂಂ ಅನಬ್ಯಾಡವ್ವ. ನಾ ಹೇಳಿದ್ರೂ ಅನಬ್ಯಾಡ. ನಿಮ್ಮೂರ ಕಡಿ ನೌಕರಿ ಸಿಕ್ಕರ ಹೋಗಿಬಿಡು.”

ಶುಭಾಂಗಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ತಲೆಯಾಡಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಯುಗಾದಿಗೆ ಮುಂಚೆ ನಿಲಂಗಾದಲ್ಲೇ ಕೆಲಸ ಸಿಕ್ಕಿತೆಂದು ಹೇಳಿದಾಗ ಶೇವಂತಾಬಾಯಿ ತಾನೇ ಅವಳ ಚೀಲ ಹೊತ್ತು ಆಟೋದವರೆಗೆ ಹೋದಳು, ದಾರಿಗೆಂದು ರೊಟ್ಟಿ ಶೇಂಗಾಚಟ್ನಿ ಕಟ್ಟಿಕೊಟ್ಟಳು. ಹಿಂತಿರುಗುವಾಗ ಶಾಲೆಯ ಮುಂದಿನ ದಾರಿ ಹಿಡಿಯದೆ ಹೊಲದ ಬದುವಿನ ಮೇಲೆ ಸುತ್ತುಹಾಕಿ ನಡೆದಳು.

ಮನೆಯಲ್ಲಿ ವೈಷ್ಣವಿ ಪಾಟೀಚೀಲ ಮೂಲೆಗೆ ಒಗೆದು ತೂಕದ ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಶುಭಾಂಗಿ ಹೋದಳೆಂದು ಅವಳಿಗೆ ಆಗಲೇ ಗೊತ್ತಿತ್ತು; ತಾಯಿ ಒಳಗೆ ಬಂದರೂ ಮುಂದಿನ ಕಲ್ಲಿಗೆ ಕೈ ಚಾಚಿದಳು.