ಪಲ್ಪರ್ ನೀರಿಗೆ ಬೇಡವೆಂದು ಬರೆದವರು

ಮೇಡಂ ಅವರ ಬಲಗೈಯ ಮೂರು ಉಗುರುಗಳು ಅರಿಶಿನ ಹಚ್ಚಿದಂತೆ ಹಳದಿಯಾಗಿದ್ದವು. ಪ್ರಯೋಗಾಲಯದ ಆಸಿಡ್ಡಿನ ಕಲೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎನ್ನುತ್ತಿದ್ದರು. ಅವರು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ. ನಾನು ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ, ಕಾಗದಪತ್ರ ನೋಡಿಕೊಳ್ಳುವವನು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು.

ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದ ನೀರು ಹುಳಿಯಾಗಿ ನಾರುತ್ತದೆ. ಅದನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಶುದ್ಧಮಾಡಿ ಹೊರಬಿಡಲು ಅನುಮತಿ ಬೇಕು. ಮೊದಲು ಅದು ಬೆಂಗಳೂರಿನಿಂದ ಬರುತ್ತಿತ್ತು. ಬರುವಷ್ಟರಲ್ಲಿ ಕೊಯ್ಲೇ ಮುಗಿದಿರುತ್ತಿತ್ತು. ಆಮೇಲೆ ಜಿಲ್ಲೆಯಲ್ಲೇ, ಮೇಡಂ ಸಹಿಯಲ್ಲೇ ಕೊಡುವುದೆಂದಾಯಿತು. ಬೆಳೆಗಾರರಿಗೆ ಸಮಾಧಾನ. ಮೇಡಂ ಮಾತ್ರ ನಮ್ಮ ಆಫೀಸಿನಲ್ಲಿ ಕೂತು ಮೆಲ್ಲಗೆ ಹೇಳಿದ್ದರು:

"ಬೆಂಗಳೂರಿನವ್ರಿಗೆ ನಮ್ಮ ಹಳ್ಳ ಗೊತ್ತಿಲ್ಲ, ಅದು ನಿಜ ರೈಟ್ರೇ. ಆದ್ರೆ ಅವ್ರು ಬೇಡ ಅಂತ ಬರೆದ್ರೆ ಅವ್ರ ಮನೆ ಎಲ್ಲಿದೆ ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ ಮನೆ ಎಲ್ರಿಗೂ ಗೊತ್ತು."

ಆ ವರ್ಷವೇ ನಮ್ಮ ತೊಟ್ಟಿಯ ಗೋಡೆ ಬಿರಿದು ಪಲ್ಪರ್ ನೀರು ಹಳ್ಳಕ್ಕೆ ಸೋರತೊಡಗಿತು. ಮೊದಲು ಕಂಡವನು ನಾನು. ಎರಡು ದಿನದಲ್ಲಿ ಮುಚ್ಚಿಸುತ್ತೇನೆ, ಬಾಯಿ ಬಿಡಬೇಡ ಎಂದರು ಓನರ್. ನಾನು ಬಾಯಿ ಬಿಡಲಿಲ್ಲ. ಹಳ್ಳದ ಕೆಳಗೆ ಕೂಲಿಯವರ ಲೈನ್ ಮನೆಗಳಿದ್ದವು. ಅವರು ಕುಡಿಯುತ್ತಿದ್ದುದು ಅದೇ ನೀರು. ಮೂರನೆಯ ದಿನ ಅಲ್ಲಿನ ಇಬ್ಬರು ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಆಸ್ಪತ್ರೆಯಿಂದ ಸುದ್ದಿ ತಿಳಿದು ಮಧ್ಯಾಹ್ನ ಮೇಡಂ ಬಂದರು. ಸೀರೆಯ ನೆರಿಗೆ ಎತ್ತಿ ಕಟ್ಟಿ ಹಳ್ಳಕ್ಕಿಳಿದು, ಕಪ್ಪಗಾದ ನೀರನ್ನು ಬಾಟಲಿಗೆ ತುಂಬಿದರು. ಸಾಕ್ಷಿಯ ಸಹಿ ಬೇಕೆಂದು ಕಾಗದವನ್ನು ನನ್ನ ಮುಂದೆ ಹಿಡಿದರು.

ಓನರ್ ದಂಡೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಮೇಡಂ ಓನರಿಗೆ ಬೆನ್ನು ಹಾಕಿ ನನ್ನ ಹತ್ತಿರ ಬಂದರು.

"ನಂಗೂ ಹೆದ್ರಿಕೆ ಆಗ್ತಿದೆ," ಎಂದರು, ನನಗೆ ಮಾತ್ರ ಕೇಳುವಂತೆ. "ಹೆದ್ರಿಕೆ ಹೋಗ್ಲಿ ಅಂತ ಕಾಯ್ಬೇಡಿ. ಸಹಿ ಹಾಕಿ."

ಹಾಕಿದೆ.

ಅವರು ನಮ್ಮ ಎಸ್ಟೇಟಿಗೆ ಅನುಮತಿ ನಿರಾಕರಿಸಿದರು. ಮರುದಿನದಿಂದ ಅವರ ಮನೆಯೆದುರು ಒಂದು ಜೀಪು ಬಂದು ನಿಲ್ಲತೊಡಗಿತು. ಯಾರೂ ಇಳಿಯುತ್ತಿರಲಿಲ್ಲ, ಏನೂ ಹೇಳುತ್ತಿರಲಿಲ್ಲ. ಅವರು ಮಗಳನ್ನು ಅಕ್ಕನ ಮನೆಗೆ ಕಳಿಸಿ, ತಾವು ಆ ಜೀಪನ್ನು ದಾಟಿಕೊಂಡೇ ದಿನಾ ಕೆಲಸಕ್ಕೆ ಹೋದರು. ಬರೆದದ್ದನ್ನು ಬದಲಿಸಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಅವರಿಗೆ ವರ್ಗವಾಯಿತು. ನನ್ನ ಕೆಲಸವೂ ಹೋಗಿತ್ತು. ಹೊರಡುವ ಮುನ್ನ ಅವರೇ ಮೂಡಿಗೆರೆಯ ಸಣ್ಣ ಬೆಳೆಗಾರರ ಸಂಘದಲ್ಲಿ ನನಗೊಂದು ಜಾಗ ಕೇಳಿ ಕೊಡಿಸಿದರು.

ಮಕ್ಕಳಿಬ್ಬರೂ ಬದುಕಿದರು. ಮೇಡಂ ಹೋದ ವರ್ಷ ಕಾಯಿಲೆ ಬಿದ್ದು ತೀರಿಕೊಂಡರು.

ಈಗ ಅನುಮತಿಯ ಅರ್ಜಿ ತುಂಬುವುದೇ ನನ್ನ ಕೆಲಸ. ಈಗಲೂ ಭಯವಾಗುತ್ತದೆ. ಆದರೂ 'ಸೋರಿಕೆ ಇಲ್ಲ' ಎಂದು ಬರೆಯುವ ಮುಂಚೆ ಹಳ್ಳದವರೆಗೆ ಇಳಿದು ನೋಡಿ ಬರುತ್ತೇನೆ. ಅಷ್ಟನ್ನು ಕಲಿಸಿದವರು ಅವರು. ಇಬ್ಬರು ಮಕ್ಕಳು ಆಸ್ಪತ್ರೆ ಸೇರಿದ ಮೇಲೆ ಕಲಿತವನು ನಾನು.